ಸೊಂಟದ ತಳದ ಸ್ನಾಯು

ಕೇಳುಗರಿಗೆ ನಮಸ್ಕಾರ.

ಮಲ್ಪೆಯಲ್ಲಿ ಮೀನಿನ ಬುಟ್ಟಿ ಎತ್ತುವಾಗಲೋ, ಮನೆಯಲ್ಲಿ ಜೋರಾಗಿ ಕೆಮ್ಮುವಾಗಲೋ ಎರಡು ಹನಿ ಮೂತ್ರ ಜಾರಿತು ಎನ್ನಿ. ಹೆಚ್ಚಿನ ಹೆಂಗಸರು ಯಾರಿಗೂ ಹೇಳುವುದಿಲ್ಲ. ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಾಗುತ್ತಾರೆ. ಇದ್ದದ್ದೇ ಇರಬಹುದು ಮಾರಾಯ್ರೆ, ಆದರೆ ಸಹಿಸಿಕೊಂಡೇ ಇರಬೇಕಾಗಿಲ್ಲ. ಇದಕ್ಕೆ ಹೆಚ್ಚಾಗಿ ಕಾರಣ ಸೊಂಟದ ತಳದ ಸ್ನಾಯು ಸಡಿಲವಾಗಿರುವುದು. ಅದು ಎಲ್ಲಿದೆ, ನೋಡೋಣ.

ಮುಂದೆ ಕಿಬ್ಬೊಟ್ಟೆಯ ಕೆಳಗೆ ಕೈಗೆ ಸಿಗುವ ಪ್ಯೂಬಿಕ್ ಮೂಳೆ. ಹಿಂದೆ ಬಾಲಮೂಳೆ. ಎರಡು ಬದಿಗೆ, ಕೂತಾಗ ಮಣೆಗೆ ಒತ್ತುವ ಮೂಳೆಗಳು. ಇವುಗಳ ನಡುವಿನ ಜಾಗವೇ ಪೆರಿನಿಯಮ್. ಅದರ ಮೇಲೆ, ಒಳಗಡೆ, ಸ್ನಾಯುಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಕೆಳಗಿನಿಂದ ಆಸರೆ ಅದೇ. ಮುಖ್ಯ ಸ್ನಾಯುವಿಗೆ ಲಿವೇಟರ್ ಏನೈ ಎಂದು ಹೆಸರು. ಗಂಡಸರಿಗೂ ಇದೆ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಗಿ ಮೂತ್ರ ಸೋರುವವರೆಗೆ ಅವರಿಗೆ ಅದರ ನೆನಪಾಗುವುದಿಲ್ಲ, ಅಷ್ಟೆ.

ಈ ಸ್ನಾಯುವಿನ ಒಂದು ಪಟ್ಟಿ ಮುಂದಿನ ಮೂಳೆಯಿಂದ ಹೊರಟು, ಗುದನಾಳದ ಹಿಂದೆ ಸುತ್ತಿ, ಮತ್ತೆ ಮುಂದಕ್ಕೇ ಬರುತ್ತದೆ. ಕೊಡಪಾನದ ಕಂಠಕ್ಕೆ ಹಗ್ಗ ಹಾಕಿ ಎಳೆದ ಹಾಗೆ ನಾಳವನ್ನು ಬಾಗಿಸಿ ಹಿಡಿಯುತ್ತದೆ. ಮಲ ತಾನಾಗಿ ಜಾರದಿರಲು ಈ ಬಾಗೂ ಒಂದು ಕಾರಣ. ಕುಕ್ಕರುಗಾಲಲ್ಲಿ ಕೂತರೆ ಅದು ಸ್ವಲ್ಪ ನೆಟ್ಟಗಾಗುತ್ತದೆ. ಕಮೋಡ್ ಬಳಸುವವರು ಕಾಲಡಿಗೆ ಗಿಡ್ಡ ಮಣೆ ಇಟ್ಟು ನೋಡಿ, ತಿಣುಕುವುದು ಕಡಿಮೆಯಾಗಬಹುದು.

ಯೋನಿಗೂ ಮಲದ್ವಾರಕ್ಕೂ ನಡುವೆ ಹಲವು ಸ್ನಾಯುಗಳು ಬಂದು ಸೇರುವ ಗಂಟೊಂದಿದೆ. ಹೆರಿಗೆಯಲ್ಲಿ ಹರಿಯುವುದು, ಹೊಲಿಗೆ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಲು ಮನೆಯಲ್ಲಿ ಜನ ಇರುತ್ತಾರೆ. ಹೊಲಿಗೆ ವಾಸಿಯಾಯಿತಾ ಅಂತ ಕೇಳುವವರು ಕಡಿಮೆ, ಅಲ್ವಾ?

ಈ ಸ್ನಾಯುಗಳಿಗೆ ವ್ಯಾಯಾಮ ಇದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಅದರ ಬಗ್ಗೆ ಬರೆದರು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುತ್ತದಲ್ಲ, ಅದನ್ನು ಒಳಕ್ಕೆ, ಮೇಲಕ್ಕೆ ಎಳೆಯಿರಿ. ಕೆಲವು ಸೆಕೆಂಡು ಹಿಡಿದು ಪೂರ್ತಿ ಸಡಿಲ ಬಿಡಿ. ಕನಿಷ್ಠ 8 ಸಲ, ದಿನಕ್ಕೆ 3 ಹೊತ್ತು, 3 ತಿಂಗಳಾದರೂ ಮಾಡಬೇಕು. ಉಸಿರು ಕಟ್ಟಬೇಡಿ, ತೊಡೆ ಬಿಗಿಯಬೇಡಿ. ಮೂತ್ರವನ್ನು ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಕೆಳಗೆ ಏನೋ ಜಾರಿದಂತೆ ಅನಿಸಿದರೆ ಮೊದಲು ಡಾಕ್ಟರಿಗೆ ತೋರಿಸಿ. ನೋವಿದ್ದರೂ ಅಷ್ಟೇ. ಕೆಲವರಿಗೆ ಈ ಸ್ನಾಯು ಯಾವಾಗಲೂ ಬಿಗಿದುಕೊಂಡೇ ಇದ್ದು ನೋಯುತ್ತದೆ, ಅವರು ಕಲಿಯಬೇಕಾದ್ದು ಸಡಿಲಿಸುವುದನ್ನು. ಮಂಗಳೂರಿನಲ್ಲೂ ಮಣಿಪಾಲದಲ್ಲೂ ಫಿಸಿಯೋಥೆರಪಿ ವಿಭಾಗಗಳಿವೆ, ಅಲ್ಲಿ ವಿಚಾರಿಸಿ.