ಮೆಂಫಿಸ್‌ನ ಪಕ್ಕವಾದ್ಯದವರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಟೆಸ್ಟ್ ಪಂದ್ಯಗಳಿಗೆ ಬಿಬಿಸಿ ಹಚ್ಚಿಕೊಂಡು ಕೂತವರಿಗೆ ಅದರ ಶುರುವಿನ ಸಂಗೀತ ನೆನಪಿದ್ದೀತು. ಹಸುವಿನ ಕೊರಳ ಗಂಟೆಯಂಥ ಟಣಟಣ ಸದ್ದು, ಅದರ ಬೆನ್ನಿಗೇ ಕುಣಿಯುತ್ತ ಬರುವ ರಾಗ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಅಮೆರಿಕದ ಮೆಂಫಿಸ್ ಊರಲ್ಲಿ. ಹೆಸರು ‘ಸೋಲ್ ಲಿಂಬೊ’, ವರ್ಷ 1968. ನುಡಿಸಿದವರು ಬುಕರ್ ಟಿ ಅಂಡ್ ದಿ ಎಂಜೀಸ್.

ಇವರದು ವಾದ್ಯವೃಂದ, ಹಾಡುಗಾರರಿಲ್ಲ. ಮೆಕ್ಲೆಮೋರ್ ಅವೆನ್ಯೂದಲ್ಲಿ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿಯಿತ್ತು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಒಂದು ಹಳೇ ಟಾಕೀಸನ್ನು ಬಾಡಿಗೆಗೆ ಹಿಡಿದು, ಕುರ್ಚಿಗಳನ್ನು ಕಿತ್ತು ಸ್ಟುಡಿಯೋ ಮಾಡಿದ್ದರು. ತಿಂಡಿ ಮಾರುತ್ತಿದ್ದ ಮೂಲೆಯಲ್ಲಿ ಅಕ್ಕನ ರೆಕಾರ್ಡ್ ಅಂಗಡಿ. ನೆಲದ ಇಳಿಜಾರನ್ನು ಮಟ್ಟ ಮಾಡುವ ಗೋಜಿಗೆ ಹೋಗಲಿಲ್ಲ. ಅಲ್ಲಿಗೆ ಯಾರೇ ಹಾಡಲು ಬರಲಿ, ಓಟಿಸ್ ರೆಡಿಂಗ್ ಇರಲಿ, ಸ್ಯಾಮ್ ಅಂಡ್ ಡೇವ್ ಇರಲಿ, ಪಕ್ಕವಾದ್ಯಕ್ಕೆ ಬಹುಪಾಲು ಇವರೇ.

1962ರ ಬೇಸಿಗೆ. ಬೇರೊಬ್ಬ ಗಾಯಕನಿಗಾಗಿ ಬಂದಿದ್ದ ನಾಲ್ವರು ಬಿಡುವಿನಲ್ಲಿ ತಮ್ಮಷ್ಟಕ್ಕೆ ಒಂದು ನಿಧಾನದ ಬ್ಲೂಸ್, ಅಂದರೆ ಅಮೆರಿಕದ ಕರಿಯರ ವಿಷಾದದ ಧಾಟಿಯ ಸಂಗೀತ, ನುಡಿಸುತ್ತಿದ್ದರು. ಸ್ಟೀವರ್ಟ್ ಮೆಲ್ಲಗೆ ಟೇಪ್ ಚಾಲೂ ಮಾಡಿದರು. ರೆಕಾರ್ಡ್ ಅಂದಮೇಲೆ ಇನ್ನೊಂದು ಮಗ್ಗುಲೂ ತುಂಬಬೇಕಲ್ಲ? ಆರ್ಗನ್ನಿನ ಮುಂದಿದ್ದ ಹದಿನೇಳರ ಹುಡುಗ ಬುಕರ್ ಟಿ ಜೋನ್ಸ್ ತನ್ನಲ್ಲಿದ್ದ ಒಂದು ಸಾಲು ತೆಗೆದ. ಅದೇ ‘ಗ್ರೀನ್ ಆನಿಯನ್ಸ್’. ಭರ್ತಿಗೆಂದು ಹಾಕಿದ ಆ ಮಗ್ಗುಲೇ ಗೆದ್ದಿತು. ಕರಿಯರ ಜನಪ್ರಿಯ ಸಂಗೀತದ ‘ಆರ್ ಅಂಡ್ ಬಿ’ ಪಟ್ಟಿಯಲ್ಲಿ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ ಮೂರನೆಯದು. ಹುಡುಗ ಅದಾದ ಮೇಲೂ ಇಂಡಿಯಾನಾದ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿ ಪದವಿ ಪಡೆದ, ರಜೆ ಸಿಕ್ಕಾಗ ಮೆಂಫಿಸ್‌ಗೆ ಬಂದು ನುಡಿಸಿದ. ನನಗೆ ಇದು ಆ ಪಟ್ಟಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇವರ ಜಾಣತನವೆಲ್ಲ ನುಡಿಸದೆ ಬಿಟ್ಟ ಜಾಗದಲ್ಲಿದೆ. ಸ್ಟೀವ್ ಕ್ರಾಪರ್ ಗಿಟಾರಿನಲ್ಲಿ ಎರಡು ತಟ್ಟು ತಟ್ಟಿ ಸುಮ್ಮನಾಗುತ್ತಾರೆ. 1965ರಲ್ಲಿ ವಿಲ್ಸನ್ ಪಿಕೆಟ್ ಹಾಡೊಂದರ ಧ್ವನಿಮುದ್ರಣ ನಡೆದಿತ್ತು. ನ್ಯೂಯಾರ್ಕಿನಿಂದ ಬಂದಿದ್ದ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಸ್ಟುಡಿಯೋದೊಳಕ್ಕೇ ಬಂದು ಆಗ ಹುಡುಗರು ಕುಣಿಯುತ್ತಿದ್ದ ‘ಜರ್ಕ್’ ಕುಣಿತವನ್ನು ತಾವೇ ಕುಣಿದು ತೋರಿಸಿದರು. ಅದನ್ನು ನೋಡಿ ಕ್ರಾಪರ್ ಮತ್ತು ಡ್ರಮ್ಮಿನ ಆಲ್ ಜಾಕ್ಸನ್ ನಾಲ್ಕು ಪೆಟ್ಟಿನ ತಾಳದಲ್ಲಿ ಎರಡನೆಯ, ನಾಲ್ಕನೆಯ ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿದರು. ತಾಳ ತಪ್ಪಲಿಲ್ಲ, ಹಿಂದಕ್ಕೆ ಒರಗಿತು ಅಷ್ಟೆ. ಮುಂದೆ ಅದೇ ಸ್ಟ್ಯಾಕ್ಸ್‌ನ ಗುರುತಾಯಿತು.

ಬಾಸ್ ಗಿಟಾರಿಗೆ ಲೂಯಿ ಸ್ಟೈನ್‌ಬರ್ಗ್ ಬದಲು ಡಕ್ ಡನ್ ಬಂದಾಗ ತಂಡದಲ್ಲಿ ಇಬ್ಬರು ಕರಿಯರು, ಇಬ್ಬರು ಬಿಳಿಯರು. ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆಯಾಗಿ ಇಡುತ್ತಿದ್ದ ಆ ಕಾಲದ ಮೆಂಫಿಸ್‌ನಲ್ಲಿ ಇದು ಸಣ್ಣ ಮಾತಲ್ಲ. ಇವರೆಲ್ಲ ಆರಾಮವಾಗಿ ಕೂಡುತ್ತಿದ್ದ ಜಾಗಗಳಲ್ಲೊಂದು ಕರಿಯ ಮಾಲೀಕರ ಲೊರೇನ್ ಮೋಟೆಲ್. ಆ ಕೋಣೆಗಳಲ್ಲಿ ಕೂತು ಕ್ರಾಪರ್ ಎಷ್ಟೋ ಹಾಡು ಕಟ್ಟಿದ್ದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದದ್ದು ಅದೇ ಮೋಟೆಲಿನ ಮೊಗಸಾಲೆಯಲ್ಲಿ. ಅದಕ್ಕೆ ನಾಲ್ಕು ತಿಂಗಳ ಮುಂಚೆ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಅವರ ಕೊನೆಯ ಹಾಡನ್ನು, ಕಣ್ಣೀರು ಆರುವ ಮೊದಲೇ, ಕ್ರಾಪರ್ ಕೂತು ಪೂರ್ತಿ ಮಾಡಿಕೊಟ್ಟರು.

ಆಮೇಲಿನದು ಇಳಿಗಾಲ. ಜೋನ್ಸ್ ಕ್ಯಾಲಿಫೋರ್ನಿಯಾಕ್ಕೆ ಹೋದರು. 1975ರಲ್ಲಿ ಜಾಕ್ಸನ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅದೇ ವರ್ಷದ ಕೊನೆಗೆ ಸ್ಟ್ಯಾಕ್ಸ್ ದಿವಾಳಿ. 1989ರಲ್ಲಿ ಟಾಕೀಸನ್ನೂ ಕೆಡವಿಹಾಕಿದರು. 2003ರಲ್ಲಿ ಅದೇ ಜಾಗದಲ್ಲಿ ಸ್ಟ್ಯಾಕ್ಸ್‌ನ ವಸ್ತುಸಂಗ್ರಹಾಲಯ ಎದ್ದಿತು. ಹಳೆಯ ಸ್ಟುಡಿಯೋವನ್ನು ಇದ್ದ ಹಾಗೇ ಮತ್ತೆ ಕಟ್ಟುವಾಗ ನೆಲವನ್ನೂ ಬೇಕೆಂದೇ ಇಳಿಜಾರಾಗಿ ಹಾಕಿಸಿದ್ದಾರೆ.