ನಾಳೆ ಬರುವ ಸಿಬ್ಬಂದಿಗೂ ಜಾಗ: ರಾಯಭಾರ ಕಚೇರಿಗಳ ಕಟ್ಟಡ ಯೋಜನೆ

ಸಭೆಯಲ್ಲಿರುವ ಹಿರಿಯರಿಗೂ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳಿಗೂ ನಮಸ್ಕಾರ.

ಮನೆಗೆ ಹೋಗುವಾಗ ನಮ್ಮ ತುಮಕೂರಿನ ಬಡಾವಣೆಗಳ ತಾರಸಿಗಳನ್ನು ಒಮ್ಮೆ ನೋಡಿ. ಒಂದೇ ಅಂತಸ್ತಿಗೆ ನಿಲ್ಲಿಸಿದ ಮನೆಗಳ ಮೇಲೆ ಪಿಲ್ಲರ್ ಕಂಬಿಗಳು ಮೊಳದುದ್ದ ಚಾಚಿಕೊಂಡಿರುತ್ತವೆ. ತುಕ್ಕು ಹಿಡಿಯದಿರಲೆಂದು ಅವಕ್ಕೆ ಸಿಮೆಂಟ್ ಹಾಲು ಬಳಿದಿರುತ್ತಾರೆ. ಮಗನ ಮದುವೆಯ ಹೊತ್ತಿಗೆ ಮೇಲೊಂದು ಮನೆ ಏಳಬೇಕೆಂದು ಯಜಮಾನರು ಪಾಯ ತೆಗೆಸುವಾಗಲೇ ಲೆಕ್ಕ ಹಾಕಿರುತ್ತಾರೆ. ರಾಯಭಾರ ಕಚೇರಿ ಕಟ್ಟುವವರಿಗೂ ಇದೇ ಲೆಕ್ಕ ಬೇಕು. ಆದರೆ ಅಲ್ಲಿ ಆಮೇಲೆ ಸೇರಿಸುವ ಕೆಲಸ ಇಷ್ಟು ಸುಲಭವಲ್ಲ.

ಅದಕ್ಕೆ ಮುಖ್ಯ ಕಾರಣ ಭದ್ರತೆ. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿ ನಡೆದು 200ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅಮೆರಿಕ ಮಾಡಿದ ಕಾನೂನಿನಂತೆ, ಹೊಸ ಕಟ್ಟಡವು ಆವರಣದ ಅಂಚಿನಿಂದ ಕನಿಷ್ಠ 100 ಅಡಿ ದೂರದಲ್ಲಿರಬೇಕು ಮತ್ತು ಆ ಊರಿನಲ್ಲಿರುವ ಅಮೆರಿಕ ಸರ್ಕಾರದ ಸಿಬ್ಬಂದಿಯೆಲ್ಲ, ವಿಶೇಷ ವಿನಾಯಿತಿ ಸಿಕ್ಕ ಹೊರತು, ಒಂದೇ ಆವರಣದಲ್ಲಿ ಕೆಲಸ ಮಾಡಬೇಕು. ಜಾಗ ಸಾಲದಾದಾಗ ಪಕ್ಕದ ಬೀದಿಯಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿಯುವ, ನಮಗೆಲ್ಲ ಪರಿಚಿತವಾದ ಉಪಾಯಕ್ಕೆ ಅಲ್ಲಿ ದಾರಿಯೇ ಉಳಿಯುವುದಿಲ್ಲ.

ಹೈದರಾಬಾದಿನಲ್ಲಿ 2008ರಲ್ಲಿ ಪೈಗಾ ಅರಮನೆಯೊಳಗೆ ಆರಂಭವಾದ ಅಮೆರಿಕನ್ ಕಾನ್ಸುಲೇಟ್ (ರಾಜಧಾನಿಯ ಹೊರಗಿನ ಊರಿನಲ್ಲಿ ವೀಸಾ ಮುಂತಾದ ಕೆಲಸ ನೋಡುವ ಕಚೇರಿ), 2023ರ ಮಾರ್ಚ್‌ನಲ್ಲಿ ನಾನಕ್‌ರಾಮ್‌ಗುಡದ ಸ್ವಂತ ಕಟ್ಟಡಕ್ಕೆ ಹೋಯಿತು. ವೆಚ್ಚ 34 ಕೋಟಿ ಡಾಲರ್. ವೀಸಾ ಕಿಟಕಿಗಳು 54. ಈ ಕಿಟಕಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಕಿಟಕಿ ಹೆಚ್ಚಿದರೆ ಹಿಂದೆ ಕೂರುವ ಅಧಿಕಾರಿಯೊಬ್ಬರು ಹೆಚ್ಚಿದಷ್ಟಕ್ಕೇ ಮುಗಿಯುವುದಿಲ್ಲ: ಅವರ ಕಡತ ಪರಿಶೀಲಿಸುವ ಸ್ಥಳೀಯ ನೌಕರರು, ಮುಂದೆ ಕಾಯುವವರ ಕುರ್ಚಿಗಳು, ಶೌಚಾಲಯ, ಗೇಟಿನಲ್ಲಿ ತಪಾಸಣೆಯ ಸಾಲು, ಎಲ್ಲವೂ ಹಿಗ್ಗಬೇಕು. ಮೇಜುಗಳನ್ನು ಮಾತ್ರ ಎಣಿಸಿ ನಕ್ಷೆ ಬರೆದವರು ಎಡವುವುದು ಇಲ್ಲಿಯೇ.

ಹಾಗೆಂದು ಸಿಬ್ಬಂದಿ ಸದಾ ಹೆಚ್ಚುತ್ತಲೇ ಹೋಗುವುದಿಲ್ಲ. ದೇಶಗಳ ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 11ನೇ ವಿಧಿಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಆತಿಥೇಯ ದೇಶವು ರಾಯಭಾರ ಕಚೇರಿಯ ಸಿಬ್ಬಂದಿಗೆ ಸಮಂಜಸವಾದ ಮಿತಿಯನ್ನು ಕೇಳಬಹುದು. 2023ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳ ರಾಜತಾಂತ್ರಿಕರ ಸಂಖ್ಯೆ ಸಮನಾಗಿರಬೇಕೆಂದು ಭಾರತ ಪ್ರಶ್ನೆ ಎತ್ತಿದಾಗ ಕೆನಡಾ ತನ್ನ 41 ರಾಜತಾಂತ್ರಿಕರನ್ನು ವಾಪಸು ಕರೆಸಿಕೊಂಡಿತು. ಬಾಗ್ದಾದಿನಲ್ಲಿ 104 ಎಕರೆಯಲ್ಲಿ ಕಟ್ಟಿ 2009ರಲ್ಲಿ ತೆರೆದ ಅಮೆರಿಕನ್ ಆವರಣದಲ್ಲಿಯೂ ಮುಂದೆ ಸಿಬ್ಬಂದಿ ಬಹಳ ಇಳಿಯಿತು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ಖಾಲಿ ಕೋಣೆಗಳನ್ನು ಕಟ್ಟಿಡಬೇಡಿ, ಬೆಳೆಯುವ ಅವಕಾಶವನ್ನು ಕಟ್ಟಿ. ನಿವೇಶನ, ಪಾಯ, ವಿದ್ಯುತ್ ಮತ್ತು ಚರಂಡಿಯ ಸಾಮರ್ಥ್ಯ ಇವು ಇಪ್ಪತ್ತು ವರ್ಷದ ಮುಂದಿನ ಲೆಕ್ಕಕ್ಕೆ ಇರಲಿ. ಒಳಗೋಡೆಗಳು ಮಾತ್ರ ಕಳಚಿ ಜೋಡಿಸುವಂತಿರಲಿ. ಆಫ್ರಿಕಾದಲ್ಲಿ 18 ಹೊಸ ಮಿಷನ್ (ರಾಜತಾಂತ್ರಿಕ ಕಚೇರಿ) ತೆರೆಯಲು 2018ರಲ್ಲಿ ತೀರ್ಮಾನಿಸಿದ ನಮ್ಮ ದೇಶಕ್ಕೂ ಈ ಮಾತು ಸಲ್ಲುತ್ತದೆ.

2025ರ ಜನವರಿಯಲ್ಲಿ ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾದದ್ದು ಹೋಟೆಲೊಂದರ ತಾತ್ಕಾಲಿಕ ಜಾಗದಲ್ಲಿ, ವೀಸಾ ಸೇವೆಯಿಲ್ಲದೆ. ಅದರ ಶಾಶ್ವತ ಕಟ್ಟಡದ ನಕ್ಷೆ ಮೇಜಿನ ಮೇಲೆ ಬಂದ ದಿನ, ರಾತ್ರಿ ಬಸ್ಸು ಹಿಡಿದು ಚೆನ್ನೈಗೆ ಹೋಗಿ ವೀಸಾ ಸಾಲಿನಲ್ಲಿ ನಿಂತು ಬಂದ ತುಮಕೂರಿನ ಮಕ್ಕಳನ್ನೂ ಯಾರಾದರೂ ಆ ಲೆಕ್ಕಕ್ಕೆ ಸೇರಿಸಬೇಕು.