ಬ್ಯಾಲಿನಸ್ಲೋ ಜಾತ್ರೆಯ ಚೌಕಾಸಿ

ನಮಸ್ಕಾರ ಕೇಳುಗರೇ. ದನ ಕೊಂಡು, ಮಾರಿ ಅಭ್ಯಾಸ ಇರುವವರೇ ಈಗ ರೇಡಿಯೊ ಹತ್ತಿರ ಕೂತಿದ್ದೀರಿ ಅಂತ ನಂಬಿ ಮಾತಾಡುತ್ತೇನೆ.

ಐರ್ಲೆಂಡಿನ ಪಶ್ಚಿಮಕ್ಕೆ ಗಾಲ್ವೇ ಜಿಲ್ಲೆ. ಅಲ್ಲಿನ ಬ್ಯಾಲಿನಸ್ಲೋ ಊರಿನಲ್ಲಿ ಪ್ರತಿ ಅಕ್ಟೋಬರಿಗೆ ಕುದುರೆ ಜಾತ್ರೆ. ಯುರೋಪಿನ ತೀರಾ ಹಳೆಯ ಜಾತ್ರೆಗಳಲ್ಲಿ ಅದೂ ಒಂದು. ಅಲ್ಲಿ ಚೌಕಾಸಿ ಮಾಡುವುದು ಬರೀ ಬೆಲೆಗಲ್ಲ. ಇಬ್ಬರಲ್ಲಿ ಯಾರೂ ಸೋತು ಮನೆಗೆ ಹೋಗಬಾರದು, ಅದಕ್ಕೆ. ಇದೊಂದು ನೆನಪಿಟ್ಟುಕೊಳ್ಳಿ, ಸಾಕು.

ವ್ಯಾಪಾರ ಹೇಗೆ ನಡೆಯುತ್ತದೆ ನೋಡಿ. ಕೊಳ್ಳುವವನು ಕುದುರೆಯ ಹಲ್ಲು ನೋಡುತ್ತಾನೆ, ಕಾಲು ಎತ್ತಿ ನೋಡುತ್ತಾನೆ, ಓಡಿಸಿ ನೋಡುತ್ತಾನೆ. ಎಲ್ಲ ನೋಡಿ ಮುಖ ಸಿಂಡರಿಸುತ್ತಾನೆ. ಮಾರುವವನು 900 ಯೂರೊ ಅಂದ ಅಂತಿಟ್ಟುಕೊಳ್ಳಿ. ಇವನು 600 ಅನ್ನುತ್ತಾನೆ. "ಅಷ್ಟಕ್ಕೆ ಕೊಡೋ ಬದಲು ಮನೇಲೇ ಕಟ್ಕೋತೀನಿ ಬಿಡು!" ಅಂತ ಮಾರುವವನು. ಕೊಳ್ಳುವವನು ಬೆನ್ನು ತಿರುಗಿಸಿ ಹೊರಟೇಬಿಟ್ಟ. ಹೊರಡುವುದು ಅಂದರೆ ನಿಧಾನವಾಗಿ, ಯಾರಾದರೂ ಕರೆಯಲಿ ಅಂತ! ಆಗ ಬರುತ್ತಾನೆ ಮೂರನೆಯವನು. ಅಲ್ಲಿ ಅವನಿಗೆ ಟ್ಯಾಂಗ್ಲರ್ ಅನ್ನುತ್ತಾರೆ, ನಮ್ಮ ದಲ್ಲಾಳಿ ಇದ್ದ ಹಾಗೆ. ಹೊರಟವನ ತೋಳು ಹಿಡಿದು ಎಳೆದು ತರುತ್ತಾನೆ. ಇಬ್ಬರ ಕೈಯನ್ನೂ ಸೇರಿಸಲು ನೋಡುತ್ತಾನೆ, ಒಬ್ಬ ಕಿತ್ತುಕೊಳ್ಳುತ್ತಾನೆ. ಅಷ್ಟರಲ್ಲಿ ಸುತ್ತ ಜನ. ಕುದುರೆ ಯಾರದೋ, ದುಡ್ಡು ಯಾರದೋ, ಬುದ್ಧಿ ಹೇಳುವವರು ಮಾತ್ರ ಎಲ್ಲರೂ! ಮಾರುವವನದು 850 ಆಯಿತು, ಕೊಳ್ಳುವವನದು 650 ಆಯಿತು. "ಮಧ್ಯದ್ದನ್ನ ಅರ್ಧರ್ಧ ಮಾಡ್ಕೊಳ್ರಯ್ಯಾ" ಅಂತ ಟ್ಯಾಂಗ್ಲರ್. 750. ಅಂಗೈಗೆ ಉಗುಳಿಕೊಂಡು ಫಟ್ ಅಂತ ಕೈ ಬಡಿದರೆ ಮಾತು ಮುಗಿಯಿತು. ಆಮೇಲೆ ಹಿಂದೆ ಸರಿದವನಿಗೆ ಮರ್ಯಾದೆ ಇಲ್ಲ.

ಇದೆಲ್ಲ ಸುಮ್ನೆ ನಾಟಕ, ಮೊದಲೇ 750 ಅನ್ನಬಹುದಿತ್ತಲ್ಲ ಅಂತ ನಗುವವರನ್ನು ಕಂಡರೆ ನನಗೆ ಸ್ವಲ್ಪ ರೇಗುತ್ತದೆ. ಹಾಗೆ ಅಂದಿದ್ದರೆ ಇಬ್ಬರಿಗೂ ಮೋಸ ಹೋದೆನೇನೋ ಅನ್ನಿಸುತ್ತಿತ್ತು, ಅಲ್ವಾ? ಈಗ ಯಾರೂ ತಾವಾಗಿ ಬಗ್ಗಲಿಲ್ಲ, ಮೂರನೆಯವನ ಮಾತು ಉಳಿಸಿದರು. ಯಾರೂ ಸೋಲಲಿಲ್ಲ, ಮತ್ತೆ ಹೇಳುತ್ತೇನೆ.

ಇನ್ನೂ ಇದೆ. ಹಣ ಎಣಿಸಿಕೊಂಡ ಮೇಲೆ ಮಾರಿದವನು ಅದರಲ್ಲೇ ಸ್ವಲ್ಪ ತೆಗೆದು ಕೊಂಡವನ ಕೈಗೆ ವಾಪಸ್ ಇಡುತ್ತಾನೆ, ಕುದುರೆ ಜೊತೆ ಅದೃಷ್ಟವೂ ಹೋಗಲಿ ಅಂತ. ಅದಕ್ಕೆ ಲಕ್ ಪೆನ್ನಿ ಅಂತ ಹೆಸರು.

 

ಐರ್ಲೆಂಡಿನಲ್ಲಿ ದನದ ಜಾತ್ರೆಗಳೂ ಹಿಂದೆ ಊರ ಬೀದಿಯಲ್ಲೇ ನಡೆಯುತ್ತಿದ್ದವು. ಗಾಜು ಒಡೆಯದಿರಲಿ ಅಂತ ಅಂಗಡಿಯವರು ಕಿಟಕಿಗೆ ಅಡ್ಡವಾಗಿ ಮರದ ತಡೆ ಕಟ್ಟುತ್ತಿದ್ದರು. 1950ರ ದಶಕದಿಂದ ಮಾರ್ಟ್‌ಗಳು, ಅಂದರೆ ದನ ಹರಾಜು ಹಾಕುವ ಮಾರುಕಟ್ಟೆಗಳು, ಬಂದವು. ತೂಕ, ಹರಾಜು, ಸುತ್ತಿಗೆ ಏಟು. ರೈತರಿಗೆ ಅನುಕೂಲವೇ ಆಯಿತು, ಅಲ್ಲ ಅನ್ನುವುದಿಲ್ಲ. ಆದರೆ ಅಲ್ಲೂ ಹರಾಜು ಮುಗಿದ ಮೇಲೆ ಕೊಂಡವನು ಮಾರಿದವನನ್ನು ಹುಡುಕಿಕೊಂಡು ಬರುತ್ತಾನೆ, ಲಕ್ ಪೆನ್ನಿ ಎಲ್ಲಪ್ಪಾ ಅಂತ.